ಇನ್‌ಸ್ಪೆಕ್ಟರು ಕಡೆದ ಪೆನ್ನು

ಕೆಲವರಿಗೆ ಈ ಜಗತ್ತಿನಲ್ಲಿ ಯಾವುದೂ ಸರಿ ಕಾಣುವುದಿಲ್ಲ. ಅಂಥವರಲ್ಲಿ ಹೆಚ್ಚಿನವರು ಬಾಯಿ ಚಪಲಕ್ಕೆ ಗೊಣಗಿ ಸಂಜೆಯೊಳಗೆ ಮರೆತುಬಿಡುತ್ತಾರೆ. ನಮ್ಮ ಇನ್‌ಸ್ಪೆಕ್ಟರ ಕಥೆ ಬೇರೆ. ಅವರಿಗೆ ಸರಿ ಕಾಣದಿರುವುದಕ್ಕೆ ತಿಂಗಳು ತಿಂಗಳು ಸಂಬಳ ಬರುತ್ತಿತ್ತು.

ಪೊಲೀಸ್ ಇನ್‌ಸ್ಪೆಕ್ಟರೆಂದು ಹೆದರಬೇಡಿ. ಪಂಪು ಮಾಡುವ ಕಾರ್ಖಾನೆಯ ಇನ್‌ಸ್ಪೆಕ್ಟರು. ಪಂಪಿನೊಳಗೆ ತಿರುಗುವ ಶಾಫ್ಟೆಂಬ ಉಕ್ಕಿನ ಸರಳುಗಳನ್ನು ಲೇತ್ ಯಂತ್ರದಲ್ಲಿ ಕಡೆಯುವವರು ಕಡೆದು, ಉಜ್ಜುವವರು ಉಜ್ಜಿ, ತೊಳೆಯುವವರು ತೊಳೆದು ಕಳಿಸಿದ ಮೇಲೆ, ಕಟ್ಟಕಡೆಯ ಮೇಜಿನಲ್ಲಿ ಇವರು ಕೂತಿರುತ್ತಿದ್ದರು. ಎಡಗೈಯಲ್ಲಿ ಅಳತೆಯ ಗೇಜು, ಬಲಗೈಯಲ್ಲಿ ಕೆಂಪು ಬಣ್ಣದ ಬ್ರಷ್ಷು. ಗೇಜು ಒಪ್ಪಿದರೆ ಶಾಫ್ಟು ಮುಂದಕ್ಕೆ. ಒಪ್ಪದಿದ್ದರೆ ಅದರ ತಲೆಗೊಂದು ಕೆಂಪು ಚುಕ್ಕೆ, ಪಕ್ಕದ ತಗಡಿನ ಡಬ್ಬಕ್ಕೆ ಢಣ್! ಕಡೆದವನು ಕೈ ಒರೆಸಿಕೊಳ್ಳುತ್ತ ಓಡಿಬಂದು, "ಸಾರ್, ಲೇತಿಂದ ಇಳಿಸಿದಾಗ ಸರಿಯಾಗೇ ಇತ್ತು ಸಾರ್, ಒಂದು ಕೂದಲಷ್ಟೇ ಸಾರ್" ಎಂದು ಗೋಗರೆದರೆ, "ಕೂದಲು ನಿನ್ನ ತಲೆ ಮೇಲಿದ್ರೆ ಚೆಂದ. ನನ್ನ ಮೇಜಿನ ಮೇಲೆ ಬೇಡ" ಎನ್ನುತ್ತಿದ್ದರು. ಲೇತಿಂದ ಇಳಿಸಿದಾಗ ಸರಿಯಿತ್ತಂತೆ! ಸೋಮಾರಿಗಳೆಲ್ಲ ಒಂದೇ ಮಾತು ಕಲಿತಿದ್ದಾರೆ ಎಂದು ಮನೆಗೆ ಬಂದು ಹೇಳಿಕೊಂಡು ನಗುತ್ತಿದ್ದರು. ಕಾರ್ಖಾನೆಯಲ್ಲಿ ಬೆನ್ನ ಹಿಂದೆ ಅವರ ಹೆಸರು "ರಿಜೆಕ್ಟು". ಅದು ಅವರ ಕಿವಿಗೂ ಬಿದ್ದಿತ್ತು. ಬೇಸರವಾಗುವುದಿರಲಿ, ಬಿರುದು ಸಿಕ್ಕಂತೆ ಬೀಗಿದ್ದರು.

ಅವರು ಜನ್ಮದಲ್ಲಿ ಒಂದೇ ಒಂದು ಶಾಫ್ಟನ್ನೂ ಕೈಯಾರೆ ಕಡೆದವರಲ್ಲ. ಈ ಮಾತನ್ನು ಅವರ ಮುಖಕ್ಕೆ ಹೇಳುವ ಗಂಡಸು ಆ ಕಾರ್ಖಾನೆಯಲ್ಲಿ ಹುಟ್ಟಿರಲಿಲ್ಲ. ಹೇಳಿದವಳು ಕೊನೆಗೆ ಅವರ ಮಗಳೇ.

ನಿವೃತ್ತಿಯಾದ ದಿನ ಗೇಜನ್ನೂ ಬ್ರಷ್ಷನ್ನೂ ಕಾರ್ಖಾನೆಗೆ ಒಪ್ಪಿಸಿ ಬಂದರು. ನಾಲಿಗೆಯನ್ನು ಯಾರಿಗೆ ಒಪ್ಪಿಸುವುದು? ಮಾರನೆಯ ವಾರವೇ ಸ್ವಂತಕ್ಕೊಂದು ವರ್ನಿಯರ್ ಕೊಂಡರು. ಎರಡು ದವಡೆಗಳ ನಡುವೆ ವಸ್ತುವನ್ನು ಹಿಡಿದರೆ ಕೂದಲಿನ ದಪ್ಪವನ್ನೂ ಹೇಳುವ ಆ ಉಕ್ಕಿನ ಅಳತೆಪಟ್ಟಿ ಅಂಗಿಯ ಜೇಬಿನಲ್ಲಿ ಸದಾ ಇಣುಕುತ್ತಿತ್ತು. ಬಡಗಿ ಹೊಸ ಬಾಗಿಲು ಕೂರಿಸಿದರೆ ಸಂದು ಅಳೆದರು. ದರ್ಜಿ ಗುಂಡಿ ಹೊಲಿದರೆ ಗುಂಡಿಗಳ ಅಂತರ ಅಳೆದರು. ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ನೀವು ನೋಡಿರಬಹುದು. ಇವರು ಕಲ್ಲು ಸಿಕ್ಕಿದರೆ ಅದು ಗುಂಡಗಿಲ್ಲ ಎನ್ನುವ ಜಾತಿ.

ಅವರ ಹೆಂಡತಿ ಇದನ್ನೆಲ್ಲ ಸಹಿಸಿದ್ದು ಹೇಗೆಂದರೆ, ಕಿವಿಗೆ ಹಾಕಿಕೊಳ್ಳದೆ. ಮದುವೆಯಾದ ಹೊಸದರಲ್ಲಿ ಆಕೆ ತವರಿಂದ ಒಂದು ಲಟ್ಟಣಿಗೆ ತಂದಿದ್ದರು. ಗಂಡ ಅದನ್ನು ಅಳೆದು, "ಒಂದು ಕಡೆ ಸಣ್ಣಗಿದೆ, ರಿಜೆಕ್ಟ್" ಎಂದು ಮೂಲೆಗಿಟ್ಟರು. "ಆಯ್ತು ಬಿಡಿ" ಎಂದ ಆಕೆ ಅವರು ಕೆಲಸಕ್ಕೆ ಹೋದ ಮೇಲೆ ಅದರಲ್ಲೇ ಲಟ್ಟಿಸಿದರು. ಅವರು ನಿವೃತ್ತರಾದ ಮೇಲೂ ಅದರಲ್ಲೇ ಲಟ್ಟಿಸುತ್ತಿದ್ದರು. ಈ ಮಹಾನುಭಾವರು ಅಷ್ಟೂ ವರ್ಷ ತಟ್ಟೆ ಖಾಲಿ ಮಾಡಿ ಏಳುತ್ತಿದ್ದರು, ಒಂದು ದಿನವೂ ಗೊತ್ತಾಗಲಿಲ್ಲ.

ಮಗಳ ಮದುವೆಯ ವಿಷಯದಲ್ಲೂ ಅದೇ ಕೆಂಪು ಬ್ರಷ್ಷು. ಗ್ರಂಥಾಲಯದಲ್ಲಿ ಕೆಲಸ ಮಾಡುವ, ತಾಯಿಯ ತಾಳ್ಮೆ ಮತ್ತು ತಂದೆಯ ಹಟ ಎರಡೂ ಇರುವ ಹುಡುಗಿ. ಬಂದ ಗಂಡುಗಳಲ್ಲಿ ಒಬ್ಬ ಮಾತಾಡುವಾಗ ಕಣ್ಣು ಮಿಟುಕಿಸುತ್ತಿದ್ದ, ರಿಜೆಕ್ಟ್. ಒಬ್ಬ ಕಾಫಿಯನ್ನು ಸೊರ್ರೆಂದು ಕುಡಿದ, ರಿಜೆಕ್ಟ್. ಇನ್ನೊಬ್ಬನಲ್ಲಿ ಏನೂ ಸಿಗದೆ, "ಇಷ್ಟು ಒಳ್ಳೆಯವನು ಅಂದ್ರೆ ಏನೋ ಇದೆ" ಎಂದು ಅವನನ್ನೂ ಡಬ್ಬಕ್ಕೆ ಹಾಕಿದರು. ಮಗಳು ಮೂವತ್ತು ದಾಟಿದಳು. ಆಮೇಲೆ ಒಂದು ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತ, ತಾನು ಪೆನ್ನಿನಂಗಡಿಯವನನ್ನು ಮದುವೆಯಾಗುವುದಾಗಿ ಹೇಳಿದಳು.

"ಯಾವ ಪೆನ್ನಿನಂಗಡಿ?"

"ಬಸ್ ನಿಲ್ದಾಣದ ಹಿಂದೆ ಇದೆಯಲ್ಲ. ಮರದ ಪೆನ್ನು ಮಾಡೋದು ಹೇಳಿಕೊಡ್ತಾರಲ್ಲ, ಅದೇ."

ಇನ್‌ಸ್ಪೆಕ್ಟರಿಗೆ ಆ ಅಂಗಡಿ ಗೊತ್ತಿತ್ತು. ಅಲ್ಲಿ ಪೊಟ್ಟಣಗಳನ್ನು ಮಾರುತ್ತಾರೆ. ಒಂದೊಂದು ಪೊಟ್ಟಣದಲ್ಲೂ ಪೆನ್ನಿನ ಮೂತಿ, ಕ್ಲಿಪ್ಪು, ಉಂಗುರ, ರೀಫಿಲ್ಲು, ಹಿತ್ತಾಳೆ ಕೊಳವೆ ಎಲ್ಲ ಸಿದ್ಧವಾಗಿ ಬಂದಿರುತ್ತದೆ. ಕೊಂಡವರು ಮರದ ತುಂಡಿಗೆ ತೂತು ಕೊರೆದು, ಕೊಳವೆ ಅಂಟಿಸಿ, ಲೇತಿನಲ್ಲಿ ಕಡೆದು, ಎರಡು ತುದಿಗೆ ಈ ಲೋಹದ ಭಾಗಗಳನ್ನು ಒತ್ತಿ ಕೂರಿಸಿದರೆ ಪೆನ್ನು.

"ಅರ್ಧ ಪೆನ್ನು ಪೊಟ್ಟಣದಲ್ಲೇ ಬಂದಿರುತ್ತೆ" ಎಂದರು. "ಇವನು ಅದಕ್ಕೆ ಮರದ ಅಂಗಿ ತೊಡಿಸ್ತಾನೆ. ಥೂ, ಇದೂ ಒಂದು ಕಸುಬಾ? ಗೊಂಬೆಗೆ ಬಟ್ಟೆ ಹಾಕೋನಿಗೆ ನನ್ನ ಮಗಳನ್ನ ಕೊಡ್ಬೇಕಾ?"

"ನೀವು ಕೊಡೋದು ಬೇಡಪ್ಪ, ನಾನೇ ಹೋಗ್ತೀನಿ. ನೋಂದಣಿ ಕಚೇರಿಯಲ್ಲಿ ದಿನ ಗೊತ್ತಾಗಿದೆ. ನೀವು ಬಂದು ಸಾಕ್ಷಿ ಸಹಿ ಹಾಕ್ಬೇಕು, ಅಷ್ಟೇ ನಾನು ಕೇಳೋದು."

"ನಾನು ಒಪ್ಪದೆ ಇರೋದಕ್ಕೆ ಸಹಿ ಹಾಕಲ್ಲ. ನೌಕರಿಯಲ್ಲೇ ಹಾಕಿದವನಲ್ಲ."

ಮಗಳಿಗೆ ಸಿಟ್ಟು ಬಂತು. ಇಷ್ಟು ವರ್ಷ ನುಂಗಿಕೊಂಡದ್ದೆಲ್ಲ ಒಟ್ಟಿಗೇ ಹೊರಬಂತು. "ಅಪ್ಪ, ನೀವು ಒಂದು ಸಲವಾದ್ರೂ ಏನಾದ್ರೂ ಮಾಡಿದ್ದೀರಾ? ಬೇರೆಯವರು ಮಾಡಿದ್ದನ್ನ ಎತ್ತಿ ಎಸೆದಿದ್ದು ಬಿಟ್ಟು? ಆ ಅಂಗಡಿಗೆ ಹೋಗಿ ಒಂದೇ ಒಂದು ಪೆನ್ನು ಕಡೀರಿ. ನೀವೇ ಅಳೆದು ನೋಡಿ. ಪಾಸಾದ್ರೆ ಮದುವೆಗೆ ಬರಬೇಡಿ, ನಾನು ಜನ್ಮದಲ್ಲಿ ಒಂದು ಮಾತು ಆಡಲ್ಲ. ಫೇಲಾದ್ರೆ ಬಂದು ನನ್ನ ಪಕ್ಕ ನಿಂತ್ಕೋಬೇಕು."

"ಅಳೆಯೋದು ನಾನೇನಾ?"

"ನೀವೇ. ಇನ್ಯಾರನ್ನ ನಂಬ್ತೀರಿ ನೀವು?"

ಇನ್‌ಸ್ಪೆಕ್ಟರು ನಕ್ಕರು. ಪೊಟ್ಟಣದ ಪೆನ್ನು ತಾನೇ! ಒಂದು ಸಂಜೆಯ ಕೆಲಸ. ಅಡುಗೆಮನೆಯಿಂದ ಅವರ ಹೆಂಡತಿ ಹಿಟ್ಟು ಮೆತ್ತಿದ ಲಟ್ಟಣಿಗೆಯನ್ನು ತಂದು ಅವರ ಕೈಗಿಟ್ಟರು.

"ಮರ ಬೇಕಲ್ವಾ? ತಗೊಳ್ಳಿ. ಇದನ್ನೂ ನೀವೇ ರಿಜೆಕ್ಟ್ ಮಾಡಿದ್ದು, ನೆನಪಿದ್ಯಾ?"

ಅದು ಇನ್ನೂ ಮನೆಯಲ್ಲಿದೆ ಎಂದು ತಿಳಿದು ಅವರು ಇಂಗು ತಿಂದ ಮಂಗನಂತಾದರು.

ಅಂಗಡಿಗೆ ಹೋದಾಗ ಪೆನ್ನಿನಂಗಡಿಯವನು ಗಲ್ಲಾದ ಹಿಂದೆ ಏನೋ ಗುನುಗುತ್ತ ಕಡಲೆಕಾಯಿ ಬಿಡಿಸುತ್ತಿದ್ದ. ದುಂಡು ಮೈ, ತಲೆಗೂದಲಲ್ಲಿ ಮರದ ಹೊಟ್ಟು, ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡಿದ್ದ. ಇವನನ್ನು ಅಳೆಯಲು ವರ್ನಿಯರ್ ಬೇಕಿಲ್ಲ ಎಂದುಕೊಂಡರು ಇನ್‌ಸ್ಪೆಕ್ಟರು. ಅವನಿಗೆ ವಿಷಯವೆಲ್ಲ ತಿಳಿದಿತ್ತು. ಎದ್ದು ಕೈ ಮುಗಿದ. "ಬನ್ನಿ ಸರ್, ಬನ್ನಿ. ಮೊದಲ ಸಲ ಕಲಿಯೋರಿಗೆ ಅಂತ ಬೇರೆ ಪೊಟ್ಟಣ ಇದೆ, ಕಿಟ್ಟು ಅಂತೀವಿ, ತೋರಿಸ್ತೀನಿ."

"ಎಲ್ಲ ತೋರಿಸು. ಯಾವುದು ಅಂತ ನಾನು ಹೇಳ್ತೀನಿ."

ಮೊದಲು ತೆಳು ಪೆನ್ನಿನ ಕಿಟ್ಟು ಬಂತು. ಕಲಿಯುವವರೆಲ್ಲ ಅಗ್ಗವೆಂದು ಒಯ್ಯುವುದು ಅದನ್ನೇ. ಎರಡು ಸಪೂರ ಕೊಳವೆ, ಅದಕ್ಕೆ ಎರಡು ತುಂಡು ಮರ. ಮರ ಕಾಗದದಷ್ಟು ತೆಳ್ಳಗಾಗುವವರೆಗೆ ಕಡೆಯಬೇಕು, ರೀಫಿಲ್ಲನ್ನು ಹೊರಗೆ ಒಳಗೆ ಮಾಡುವ ತಿರುಪನ್ನು ಹೆಚ್ಚು ಒತ್ತಿಬಿಟ್ಟರೆ ಮೂತಿಯಿಂದ ರೀಫಿಲ್ಲು ನಾಲಿಗೆ ಚಾಚಿಕೊಂಡೇ ಉಳಿಯುತ್ತದೆ. ಇನ್‌ಸ್ಪೆಕ್ಟರು ಅದರ ಕ್ಲಿಪ್ಪನ್ನು ಉಗುರಿನಿಂದ ಮೀಟಿದರು. "ಇದು ಕ್ಲಿಪ್ಪಾ, ತಗಡಾ? ತೆಗಿ ಆಚೆ."

ಆಮೇಲೆ ದಪ್ಪ ಪೆನ್ನಿನದು. "ಇದು ನೋಡಿ ಸರ್, ನನ್ನನ್ನ ಕೇಳಿದ್ರೆ ಕಲಿಯೋರಿಗೆ ಇದೇ ವಾಸಿ. ಒಂದೇ ಕೊಳವೆ, ಒಂದೇ ತುಂಡು ಮರ. ತಿರುಪು ತಾನಾಗೇ ಕೂರುತ್ತೆ. ಕೈ ಸ್ವಲ್ಪ ತಪ್ಪಿದ್ರೂ ಮುಚ್ಚಿಕೊಂಡು ಹೋಗುತ್ತೆ."

"ತಪ್ಪು ಮುಚ್ಚಿಕೊಳ್ಳೋ ವಸ್ತು ನಿನಗಿರಲಿ. ಲಟ್ಟಣಿಗೆ ತಂದು ಲಟ್ಟಣಿಗೆನೇ ಮಾಡ್ಕೊಂಡು ಹೋಗ್ಲಾ?"

ಮೂರನೆಯದು ತಲೆ ಒತ್ತಿದರೆ ಟಕ್ಕೆನ್ನುವ ಪೆನ್ನು. ಅದನ್ನು ಅವರು ಟಕ್ಕೆನಿಸಿ, ಮತ್ತೆ ಟಕ್ಕೆನಿಸಿ, "ಮಕ್ಕಳ ಆಟಿಕೆ" ಎಂದು ತಳ್ಳಿದರು. ಅಷ್ಟು ಹೊತ್ತಿಗೆ ವರ್ನಿಯರ್ ಹೊರಗೆ ಬಂದಿತ್ತು. ಗಾಜಿನ ಗಲ್ಲಾದ ಮೇಲಿದ್ದ ಪೊಟ್ಟಣಗಳನ್ನೆಲ್ಲ ಬಿಚ್ಚಿಸಿ ಉಂಗುರಗಳನ್ನು ಅಳೆದು ಎರಡು ಗುಡ್ಡೆ ಮಾಡಿದರು. ಒಂದು ಪಾಸು, ಒಂದು ಫೇಲು. ಪೆನ್ನು ಕೊಳ್ಳಲು ಬಂದಿದ್ದ ಹೆಂಗಸೊಬ್ಬರು ತಾವು ಆರಿಸಿದ್ದು ಫೇಲಿನ ಗುಡ್ಡೆಯಲ್ಲಿರುವುದನ್ನು ಕಂಡು ಸದ್ದಿಲ್ಲದೆ ಹೊರಟುಹೋದರು. ಅಂಗಡಿಯವನು ನಿಟ್ಟುಸಿರುಬಿಟ್ಟು ಇನ್ನೊಂದು ಕಡಲೆಕಾಯಿ ಬಿಡಿಸಿದ.

"ಕಡೆಯಬೇಕಾದ ಅಳತೆ ತೋರಿಸೋ ಬಳೆ ಎಲ್ಲಿ?" ಎಂದು ಕೇಳಿದರು ಇನ್‌ಸ್ಪೆಕ್ಟರು. ಮರದ ಎರಡೂ ತುದಿಗೆ ಒಂದೊಂದು ಪುಟ್ಟ ಉಕ್ಕಿನ ಬಳೆ ಸಿಕ್ಕಿಸಿರುತ್ತಾರೆ. ಮರ ಕಡೆಯುತ್ತ ಬಳೆಯ ಮಟ್ಟಕ್ಕೆ ಬಂದರೆ ಅಳತೆ ಸಿಕ್ಕಿತು ಎಂದು ಲೆಕ್ಕ. ಒಂದೊಂದು ಬಗೆಯ ಕಿಟ್ಟಿಗೆ ಒಂದೊಂದು ಬಗೆಯ ಬಳೆ. ಅಂಗಡಿಯವನು ಒಂದು ಬಿಸ್ಕತ್ತಿನ ಡಬ್ಬ ತಂದು ಬೋರಲು ಹಾಕಿದ. ಎಲ್ಲ ಬಳೆಗಳೂ ಬೆರೆತು ಅದರಲ್ಲಿದ್ದವು, ನಡುವೆ ಒಂದು ಬಿಸ್ಕತ್ತಿನ ಚೂರೂ ಇತ್ತು.

"ಅಯ್ಯೋ, ನಿನ್ನ ಮನೆ ಕಾಯ್ವಾಗ! ಇವು ಸವೆದಿವೆಯಲ್ಲೋ!"

"ಬೆಳಗಾದ್ರೆ ಜನ ಅದರ ಮೇಲೇ ಉಜ್ಜುತ್ತಾರೆ ಸರ್, ಸವೀದೆ ಏನಾಗುತ್ತೆ? ಆದ್ರೂ ಪೆನ್ನು ಬರೀತವೆ."

ಬರೆಯುತ್ತವಂತೆ! ಇಂಥ ಬಾಯಿಗೆ ನನ್ನ ಮಗಳು ಅಡುಗೆ ಮಾಡಿ ಹಾಕಬೇಕು ಎಂದು ಇನ್‌ಸ್ಪೆಕ್ಟರ ಹೊಟ್ಟೆ ಉರಿಯಿತು. ಬಳೆ ಬೇಡವೇ ಬೇಡ, ಲೋಹದ ಭಾಗವನ್ನೇ ವರ್ನಿಯರಿನಲ್ಲಿ ಅಳೆದು ಅದಕ್ಕೆ ಸರಿಯಾಗಿ ಕಡೆಯುತ್ತೇನೆ ಎಂದರು. ಗಾಜಿನ ಕಪಾಟಿನ ಮೇಲಿನ ಸಾಲಿನಲ್ಲಿದ್ದ ಶಾಯಿ ಪೆನ್ನಿನ ಕಿಟ್ಟನ್ನು ತೋರಿಸಿದರು. ಬಂಗಾರದ ಬಣ್ಣದ ಮೊನೆ, ತಿರುಚಿ ಹಾಕುವ ಮುಚ್ಚಳ. ಮೈಗೆ ಒಂದು ದಪ್ಪ, ಮುಚ್ಚಳಕ್ಕೆ ಒಂದು ದಪ್ಪ, ನಾಲ್ಕು ತುದಿಗೆ ನಾಲ್ಕು ಅಳತೆ.

"ಸರ್, ಅದು ಕೈ ಪಳಗಿದ ಮೇಲೆ..."

"ನನ್ನ ಕಣ್ಣು ಪಳಗಿದೆ. ಕೊಡು."

ಅಂಗಡಿಯ ಹಿಂದಿನ ಕೋಣೆಯಲ್ಲಿ, ಒಂದು ಕಿಟಕಿ, ಒಂದು ದೀಪ, ಹೊಟ್ಟು ತುಂಬಿದ ನೆಲದ ನಡುವೆ ಪುಟ್ಟ ಲೇತ್ ಇತ್ತು. ಅಭ್ಯಾಸಕ್ಕೆಂದು ಅಂಗಡಿಯವನು ಚೂರು ಮರ ಕೊಟ್ಟ. ಮೊದಲ ತುಂಡು ಉಳಿ ಸೋಕಿದ್ದೇ ಸೀಳಿಕೊಂಡು ಗೋಡೆಗೆ ಹಾರಿತು. ಮರ ಸರಿಯಿಲ್ಲ ಎಂದರು. ಎರಡನೆಯದು ಹಾರಿದಾಗ ಉಳಿ ಸರಿಯಿಲ್ಲ ಎಂದರು. ಮೂರನೆಯದಕ್ಕೆ ಲೇತ್ ಅದುರುತ್ತದೆ ಎಂದರು.

"ನಾಲ್ಕನೇದಕ್ಕೆ ಏನಂತೀರಿ ಸರ್?"

"ನೀನು ಪಕ್ಕದಲ್ಲಿ ನಿಂತು ಉಸಿರಾಡ್ತೀಯ."

ಅವನು ಪಾಪ, ಮುಂದಿನ ಕೋಣೆಗೆ ಹೋಗಿ ಅಲ್ಲಿ ಉಸಿರಾಡಿದ.

ಹಟ ಒಂದಿತ್ತಲ್ಲ, ಸಂಜೆ ಸಂಜೆ ಬಂದು ಕಲಿತರು. ಉಳಿಯನ್ನು ಎಷ್ಟು ಓರೆ ಹಿಡಿಯಬೇಕು ಎಂದು ಕೈಗೆ ತಿಳಿಯಿತು. ಕೊನೆಗೆ ಲಟ್ಟಣಿಗೆಯನ್ನು ಕೊಯ್ದು ಎರಡು ತುಂಡು ಮಾಡಿ, ಕೊರೆದು, ಕೊಳವೆ ಅಂಟಿಸಿ, ಲೇತಿಗೆ ಏರಿಸಿದರು. ವರ್ಷಗಟ್ಟಲೆ ಎಣ್ಣೆ, ಹಿಟ್ಟು ಕುಡಿದ ಮರ ಒಳಗೆ ಜೇನಿನ ಬಣ್ಣಕ್ಕಿತ್ತು. ಸಿಪ್ಪೆ ಸುರುಳಿ ಸುರುಳಿಯಾಗಿ ಮೊಣಕೈ ಮೇಲೆ ಬಿದ್ದಾಗ ಅವರಿಗೆ ಖುಷಿಯಾಯಿತು. ಆ ಖುಷಿ ಯಾರಿಗಾದರೂ ಕಂಡೀತೆಂದು ಹುಬ್ಬು ಗಂಟಿಕ್ಕಿಕೊಂಡರು.

ಅಂಗಡಿಯವನು ಬಾಗಿಲಲ್ಲಿ ತಲೆ ಹಾಕಿದ. "ಅಳತೆಗೆ ಬರೋ ಮುಂಚೆ ಸ್ವಲ್ಪ ಬಿಡಿ ಸರ್. ಇನ್ನೂ ಉಪ್ಪುಕಾಗದ ಹಾಕಿ ಉಜ್ಜೋದಿದೆ."

"ಸ್ವಲ್ಪ ಅಂದ್ರೆ ಎಷ್ಟು?"

"ಸ್ವಲ್ಪ ಅಂದ್ರೆ... ಸ್ವಲ್ಪ ಸರ್."

"ಅದು ಅಳತೆ ಅಲ್ಲ. ಅಳತೆ ಗೊತ್ತಿಲ್ದೇ ಇದ್ರೆ ಬಾಯಿ ಮುಚ್ಚಿಕೊಂಡಿರ್ಬೇಕು."

ಅವನು ಬಾಯಿ ಮುಚ್ಚಿಕೊಂಡ. ಇನ್‌ಸ್ಪೆಕ್ಟರು ಕಡೆದು ನಿಲ್ಲಿಸಿ, ಅಳೆದು, ಮತ್ತೆ ಕಡೆದು, ನಾಲ್ಕು ತುದಿಗಳನ್ನೂ ಲೋಹದ ಅಳತೆಗೆ ತಂದು ನಿಲ್ಲಿಸಿದರು. ಹೆಚ್ಚಿಲ್ಲ, ಕಮ್ಮಿಯಿಲ್ಲ. ವರ್ನಿಯರಿನ ಗೆರೆ ಗೆರೆಗೆ ಕೂತಿತು. ಇಂಥ ಕೆಲಸ ಆ ಕಾರ್ಖಾನೆಯಲ್ಲಿ ಯಾವ ನನ್ಮಗ ಮಾಡಿದ್ದ? ಆಮೇಲೆ ಒರಟು ಕಾಗದದಿಂದ ಉಜ್ಜಿದರು, ನಯ ಕಾಗದದಿಂದ ಉಜ್ಜಿದರು, ಅದಕ್ಕಿಂತ ನಯದ್ದರಿಂದ ಉಜ್ಜಿದರು, ಮೇಣ ಹಚ್ಚಿ ಬಟ್ಟೆಯಿಂದ ತಿಕ್ಕಿದರು. ಮರ ಕನ್ನಡಿಯಂತಾಯಿತು. ತುದಿಗಳನ್ನು ಒಂದೊಂದಾಗಿ ಒತ್ತಿ ಕೂರಿಸಿದರು. ಶಾಯಿ ತುಂಬಿ ಒಂದು ಗೆರೆ ಎಳೆದರು. ಬರೆಯಿತು.

ಆಗ ಅಭ್ಯಾಸಬಲದಿಂದ ಅವರ ಹೆಬ್ಬೆರಳಿನ ಉಗುರು ಮರ ಮತ್ತು ಲೋಹ ಕೂಡುವ ಜಾಗದ ಮೇಲೆ ಹರಿಯಿತು. ತಡೆಯಿತು.

ಮತ್ತೆ ಹರಿಸಿದರು. ಮತ್ತೆ ತಡೆಯಿತು. ಲೋಹದ ಉಂಗುರ ಮರಕ್ಕಿಂತ ಒಂದಿಷ್ಟು ಮೇಲೆದ್ದಿತ್ತು. ವರ್ನಿಯರ್ ಹಾಕಿದರು. ನಾಲ್ಕು ತುದಿಯಲ್ಲೂ ಮರ ಕೂದಲಷ್ಟು ಕಮ್ಮಿ.

"ಲೇತಲ್ಲಿದ್ದಾಗ ಸರಿಯಾಗೇ ಇತ್ತಲ್ಲ!" ಎಂದರು, ಜೋರಾಗಿ, ಖಾಲಿ ಕೋಣೆಗೆ.

ಹೇಳಿದ ಮೇಲೆ ಆ ಮಾತು ಯಾರದು ಎಂದು ಅವರಿಗೆ ನೆನಪಾಯಿತು. ಕೈ ಒರೆಸಿಕೊಳ್ಳುತ್ತ ಓಡಿಬರುತ್ತಿದ್ದವರ ಮುಖಗಳು ಒಂದಾದ ಮೇಲೊಂದು ಬಂದವು. ಅವರು ಸುಳ್ಳು ಹೇಳಿರಲಿಲ್ಲ. ಲೇತಿಂದ ಇಳಿಸಿದಾಗ ಸರಿಯಾಗೇ ಇತ್ತು. ಆಮೇಲೆ ಉಜ್ಜಿದವರು, ಈಗ ತಾವು ಉಜ್ಜಿದ ಹಾಗೇ, ಹೆಚ್ಚು ತಿಂದಿದ್ದರು. ತಾವು ಒಂದು ದಿನವಾದರೂ ಎದ್ದು ಹೋಗಿ ಉಜ್ಜುವ ಮೇಜನ್ನು ನೋಡಬಹುದಿತ್ತು. ನೋಡಲಿಲ್ಲ. ಕೊನೆಯ ಮೇಜಿನಲ್ಲೇ ಕೂತಿದ್ದವರಿಗೆ, ವಸ್ತುವಿಗೆ ಮುಂದೆ ಇನ್ನೇನೋ ಆಗಲಿಕ್ಕಿದೆ, ಅದಕ್ಕೆ ಜಾಗ ಬಿಡಬೇಕು ಎಂಬುದೇ ತಿಳಿದಿರಲಿಲ್ಲ. ಅವರ ಮುಂದೆ ಇನ್ನೇನೂ ಆಗುವುದಿರಲಿಲ್ಲವಲ್ಲ, ಡಬ್ಬಕ್ಕೆ ಬೀಳುವುದು ಬಿಟ್ಟು.

ಪಾಸೆಂದು ಹೇಳಿದರೆ ಕೇಳುವವರಾರು? ಅಳೆಯುವವರು ಅವರೊಬ್ಬರೇ. ಮುಂದಿನ ಕೋಣೆಯ ದುಂಡನಿಗೆ ಈ ಕೂದಲು ಕಣ್ಣಿಗೇ ಬೀಳುವುದಿಲ್ಲ. ಪಾಸೆಂದರೆ ಮದುವೆಗೆ ಹೋಗುವಂತಿಲ್ಲ, ಗೆದ್ದ ಹಾಗೆ. ಪೆನ್ನಿನ ಮುಚ್ಚಳ ತಿರುಚಿ ಬಿಚ್ಚುತ್ತ, ಮತ್ತೆ ಹಾಕುತ್ತ ಕೂತರು. ಮಗಳು ತನ್ನನ್ನು ಬಿಟ್ಟು ಬೇರೆ ಯಾರನ್ನೋ ಪಕ್ಕದಲ್ಲಿ ನಿಲ್ಲಿಸಿಕೊಂಡು ಸಹಿ ಹಾಕುವುದು ಕಣ್ಣಮುಂದೆ ಬಂತು. ಆದರೆ ಅವರನ್ನು ಎಬ್ಬಿಸಿದ್ದು ಅದೊಂದೇ ಅಲ್ಲ. ಅಳತೆಗೆ ಸುಳ್ಳು ಹೇಳುವುದು ಅವರಿಗೆ ಬರುತ್ತಲೇ ಇರಲಿಲ್ಲ. ಇದೊಂದು ಮರ್ಯಾದೆಯನ್ನಾದರೂ ಅವರಿಗೆ ಕೊಡಬೇಕು.

ಅಂಗಡಿಯವನಿಗೆ ಮುಖ ಕೊಡದೆ ಮನೆಗೆ ಬಂದರು. ಮಗಳ ಕೋಣೆಯ ಬಾಗಿಲಲ್ಲಿ ನಿಂತು, "ನಿನ್ನ ಉಗುರಿಗೆ ಹಚ್ಚೋ ಕೆಂಪು ಬಣ್ಣ ಕೊಡು" ಎಂದರು.

"ಅದ್ಯಾಕಪ್ಪ ನಿಮಗೆ?"

ಸೀಸೆ ತಗೊಂಡು ಊಟದ ಮೇಜಿಗೆ ಹೋಗಿ ಕೂತರು. ಪೆನ್ನಿನ ತಲೆಗೆ ಒಂದು ಕೆಂಪು ಚುಕ್ಕೆ ಇಟ್ಟರು. ಚುಕ್ಕೆ ಸ್ವಲ್ಪ ಹರಡಿತು. ಮಗಳು ನೋಡುತ್ತ ನಿಂತವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಒಳಗೆ ಹೋದಳು. ಹೆಂಡತಿ ಮಾತ್ರ ಸೊಂಟಕ್ಕೆ ಕೈಯಿಟ್ಟು ಗಂಡನನ್ನು ದಿಟ್ಟಿಸಿದರು.

"ನಿಜ ಹೇಳಿ. ಮದುವೆಗೆ ಹೋಗೋ ಆಸೆಗೆ ಬೇಕಂತಲೇ ಕೆಡಿಸಿದ್ರಾ?"

"ನಾನಾ?" ಇನ್‌ಸ್ಪೆಕ್ಟರು ಕೆಂಡವಾದರು. "ನಾನು ಬೇಕಂತ ಕೆಡಿಸ್ತೀನಾ? ನನಗೆ ಬರಲಿಲ್ಲ ಕಣೇ! ಬರಲಿಲ್ಲ!"

ಇಷ್ಟು ವರ್ಷದ ಸಂಸಾರದಲ್ಲಿ ಆಕೆ ಆ ಮಾತನ್ನು ಅವರ ಬಾಯಿಂದ ಕೇಳಿದ್ದು ಅದೇ ಮೊದಲು. ಆಕೆ ತಟ್ಟೆ ಹಾಕಿದರು. ಆ ದಿನದ ಊಟದಲ್ಲಿ ಲಟ್ಟಿಸಿದ್ದು ಏನೂ ಇರಲಿಲ್ಲ.

ನೋಂದಣಿ ಕಚೇರಿಗೆ ಇನ್‌ಸ್ಪೆಕ್ಟರು ಎಲ್ಲರಿಗಿಂತ ಮೊದಲು ಬಂದರು. ಬಂದವರು ಸುಮ್ಮನಿರಬೇಕಲ್ಲ? ಕುರ್ಚಿಗಳು ಸಾಲಾಗಿಲ್ಲ, ಗೋಡೆಯ ಗಡಿಯಾರ ಓರೆಯಾಗಿದೆ, ಅಧಿಕಾರಿಯ ಮೇಜಿನ ಗಾಜು ಒಡೆದಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಮದುಮಗ ಹೊಸ ಅಂಗಿ ಹಾಕಿಕೊಂಡು ಬಂದ, ಈ ಸಲ ಗುಂಡಿಗಳು ಸರಿಯಾಗಿದ್ದವು. ಅದನ್ನು ಕಂಡು ಇನ್‌ಸ್ಪೆಕ್ಟರಿಗೆ ಇನ್ನಷ್ಟು ಸಿಟ್ಟು ಬಂತು, ಏನೂ ಸಿಗಲಿಲ್ಲವೆಂದು.

"ನಮಸ್ಕಾರ ಮಾವ."

"ಇನ್ನೂ ಸಹಿ ಆಗಿಲ್ಲ. ಸರ್ ಅನ್ನು."

ಅಧಿಕಾರಿ ದಪ್ಪ ಪುಸ್ತಕ ಬಿಚ್ಚಿ, ದಾರ ಕಟ್ಟಿದ್ದ ಪೆನ್ನನ್ನು ಮುಂದಕ್ಕೆ ತಳ್ಳಿದರು. ಮದುಮಗ ಅದನ್ನು ಎಳೆದ, ಒತ್ತಿದ, ಊದಿದ. ಬರೆಯಲಿಲ್ಲ. ಪೆನ್ನಿನಂಗಡಿ ಇಟ್ಟುಕೊಂಡವನು ತನ್ನ ಮದುವೆಗೆ ಒಂದು ಪೆನ್ನು ತಂದಿರಲಿಲ್ಲ! ಇನ್‌ಸ್ಪೆಕ್ಟರು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಅಂಗಿಯ ಜೇಬಿನಿಂದ ಕೆಂಪು ಚುಕ್ಕೆಯ ಪೆನ್ನನ್ನು ತೆಗೆದು ಅವನ ಕೈಗೆ ತುರುಕಿದರು.

ಅವನು ಅದನ್ನು ಬೆಳಕಿಗೆ ಹಿಡಿದ. ಮರದ ಮೇಲೆ ಬೆರಳಾಡಿಸಿದ. ಕೂಡುವ ಜಾಗಕ್ಕೆ ಉಗುರು ಹಾಕಿ ನೋಡಿದ, ಮುಖ ಅರಳಿತು. "ಸರ್, ಇಷ್ಟಕ್ಕೆ ಕೆಂಪು ಹಚ್ಚಿದ್ರಾ? ಇದು ಯಾರಿಗೂ ಗೊತ್ತೇ ಆಗಲ್ಲ. ಇದು ಪಾಸು ಸರ್, ಖಂಡಿತ ಪಾಸು!"

ಮಗಳು ತಂದೆಯ ಕಡೆ ತಿರುಗಿದಳು.

"ದಡ್ಡ ಶಿಖಾಮಣಿ" ಎಂದರು ಇನ್‌ಸ್ಪೆಕ್ಟರು. "ಇದು ಪಾಸಾಗಿದ್ರೆ ನಾನಿಲ್ಲಿ ಇರ್ತಿರ್ಲಿಲ್ಲ. ಬಾಯಿ ಮುಚ್ಚಿಕೊಂಡು ಸಹಿ ಹಾಕು."